ರೂಯೆಸ್, ಎವರೆಟ್

1914ರ ಮಾರ್ಚ್ 28ರಂದು ಕ್ಯಾಲಿಫೋರ್ನಿಯದ ಓಕ್ಲೆಂಡಿನಲ್ಲಿ ಜನಿಸಿ, ಹದಿಹರೆಯದಿಂದಲೇ ಹೊರೆಗತ್ತೆಗಳೊಡನೆ ಅರಿಜೋನ, ಯೂಟಾ ಪ್ರಾಂತಗಳ ಮರುಭೂಮಿಯಲ್ಲಿ ಏಕಾಕಿಯಾಗಿ ಸಂಚರಿಸುತ್ತ, ತಾನು ಕಂಡ ಶಿಲಾಪ್ರಪಾತಗಳ ಭವ್ಯತೆಯನ್ನು ಪತ್ರಗಳಲ್ಲಿಯೂ ಅಚ್ಚುಚಿತ್ರಗಳಲ್ಲಿಯೂ ಮೂಡಿಸಿ, ಇಪ್ಪತ್ತನೆಯ ವಯಸ್ಸಿನಲ್ಲಿ ಕಣ್ಮರೆಯಾದ ಅಮೆರಿಕದ ಕಲಾವಿದ. ಛಾಯಾಚಿತ್ರಕಾರರಾದ ಆನ್ಸೆಲ್ ಆಡಮ್ಸ್, ಡೊರೊಥಿಯ ಲ್ಯಾಂಗ್ ಮೊದಲಾದವರ ಪರಿಚಯ ಈತನಿಗಿತ್ತು.

1934ರ ನವೆಂಬರಿನಲ್ಲಿ ಯೂಟಾದ ಎಸ್ಕಲಾಂಟಿ ಗ್ರಾಮದಿಂದ ಹೊರಟವನನ್ನು ದಾರಿಯಲ್ಲಿ ಕುರಿಗಾಹಿಗಳು ಕಂಡದ್ದೇ ಕಡೆ. ಮುಂದಿನ ಮಾರ್ಚ್ ತಿಂಗಳಿನಲ್ಲಿ ಶೋಧಕರು ಡೇವಿಸ್ ಗಲ್ಚ್ ಎಂಬ ಕಮರಿಯನ್ನು ಹೊಕ್ಕಾಗ ಆತನ ಎರಡು ಕತ್ತೆಗಳೂ, ಬಂಡೆಯ ಮೇಲೆ ಕೊರೆದ ‘ನೆಮೊ 1934’ ಎಂಬ ಲೇಖವೂ ದೊರೆತವು. ಆತನ ವರ್ಣಚಿತ್ರಗಳಾಗಲಿ ದಿನಚರಿಯಾಗಲಿ ದೊರೆಯಲಿಲ್ಲ. ಪ್ರಪಾತದಿಂದ ಬಿದ್ದನೆಂದೂ, ಕೊಲೊರಾಡೊ ನದಿಯಲ್ಲಿ ಮುಳುಗಿದನೆಂದೂ, ದನಗಳ್ಳರಿಂದ ಹತನಾದನೆಂದೂ, ನವಾಹೊ ಜನರೊಡನೆ ನೆಲಸಿದನೆಂದೂ ನಾನಾ ಊಹೆಗಳುಂಟು. ಕಡಿದಾದ ಬಂಡೆಗಳನ್ನು ನಿರ್ಭಯದಿಂದ ಏರುವ ಆತನ ಸ್ವಭಾವವನ್ನು ನೆನೆದರೆ ಮೊದಲನೆಯದೇ ಸಂಭಾವ್ಯವೆನಿಸುತ್ತದೆಯಾದರೂ ಪ್ರಮಾಣವಿಲ್ಲ. ಅದೃಶ್ಯನಾದುದರ ಕುತೂಹಲವು ಆತನ ಪತ್ರಗಳ ನಿಜವಾದ ಕಾವ್ಯಗುಣವನ್ನು ಮರೆಯಿಸಿರುವುದು ಖೇದಕರ.

2008ರಲ್ಲಿ ಕೋಂಬ್ ರಿಡ್ಜ್ ಬೆಟ್ಟಸಾಲಿನಲ್ಲಿ ಸಿಕ್ಕಿದ ಅಸ್ಥಿಗಳು ಈತನವೇ ಎಂದು ಡಿಎನ್‌ಎ ಪರೀಕ್ಷೆಯ ಆಧಾರದಿಂದ 2009ರಲ್ಲಿ ಸಾರಲಾಯಿತು. ದಂತರಚನೆ ಹೊಂದುವುದಿಲ್ಲವೆಂದು ತಜ್ಞರು ಆಕ್ಷೇಪಿಸಿದ ಮೇಲೆ, ಕುಟುಂಬದವರು ಸೈನಿಕ ಪ್ರಯೋಗಶಾಲೆಯೊಂದರಲ್ಲಿ ಮರುಪರೀಕ್ಷೆ ಮಾಡಿಸಿದರು. ಅವು ಅನ್ಯನೊಬ್ಬನ ಅಸ್ಥಿಗಳೆಂದು ಅದೇ ವರ್ಷ ಸಿದ್ಧವಾಯಿತು.