ಕೃತಕ ಬುದ್ಧಿಮತ್ತೆ: ನವೋದ್ಯಮಿಗಳ ಭರವಸೆ, ತಜ್ಞರ ಎಚ್ಚರಿಕೆ, ತರೀಕೆರೆ ಸೀಮೆಯ ಪಾಲು

ತರೀಕೆರೆ: ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಬದುಕು ಮುಖ್ಯವಾಗಿ ಅಡಿಕೆ, ತೆಂಗು, ರಾಗಿ ಮತ್ತು ಈರುಳ್ಳಿಯನ್ನು ನೆಚ್ಚಿಕೊಂಡಿದೆ. ಇದರ ಜೊತೆಗೆ, ಪದವಿ ಮುಗಿಸಿ ಬೆಂಗಳೂರಿಗೆ ತೆರಳಿದ ಯುವಜನರ ಸಂಬಳವೂ ಇಲ್ಲಿನ ಅನೇಕ ಕುಟುಂಬಗಳಿಗೆ ಆಸರೆಯಾಗಿದೆ. ‘ಎಐ’ ಎಂದು ಚಿರಪರಿಚಿತವಾಗಿರುವ ಕೃತಕ ಬುದ್ಧಿಮತ್ತೆ ಈ ಎರಡೂ ಆಸರೆಗಳನ್ನು ಮುಟ್ಟಲಿದೆ. ಆದ್ದರಿಂದ ಈ ತಂತ್ರಜ್ಞಾನದ ಕುರಿತು ನವೋದ್ಯಮಗಳ ಸಂಸ್ಥಾಪಕರು ಮತ್ತು ತಜ್ಞರು ವ್ಯಕ್ತಪಡಿಸಿರುವ ಅಭಿಪ್ರಾಯಗಳು ಈ ಸೀಮೆಗೂ ಸಂಬಂಧಿಸಿದವುಗಳಾಗಿವೆ.

ಅಪಾರ ಪ್ರಮಾಣದ ಬರಹ, ಧ್ವನಿ ಮತ್ತು ಚಿತ್ರಗಳಿಂದ ಮಾದರಿಗಳನ್ನು ಕಲಿತು, ಹೊಸ ಪ್ರಶ್ನೆಗೆ ಉತ್ತರ ಊಹಿಸುವ ಗಣಕ ವ್ಯವಸ್ಥೆಯೇ ಇಂದಿನ ಎಐ. ಅದು ತನಗೆ ಕಲಿಸಿದ್ದನ್ನು ಮಾತ್ರ ಬಲ್ಲದು. ಯಾರ ಭಾಷೆ, ಯಾರ ಬೆಳೆ, ಯಾರ ಅನುಭವ ಅದರ ಪಾಠದಲ್ಲಿ ಸೇರಿದೆ ಎಂಬುದರ ಮೇಲೆ ಅದರ ಲಾಭ ಯಾರಿಗೆ ಎಂಬುದು ನಿಂತಿದೆ.

ಉದ್ಯೋಗ: ಎರಡು ನಿಲುವುಗಳು

ಬೆಂಗಳೂರಿನ ಉದ್ಯಮ ವಲಯದಲ್ಲಿ 2023ರಲ್ಲಿ ಎರಡು ತದ್ವಿರುದ್ಧ ನಿಲುವುಗಳು ಪ್ರಕಟವಾದವು. ಆನ್‌ಲೈನ್ ಮಳಿಗೆಗಳನ್ನು ರೂಪಿಸಿಕೊಡುವ ‘ದುಕಾನ್’ ಸಂಸ್ಥೆಯ ಸಂಸ್ಥಾಪಕ ಸುಮಿತ್ ಶಾ, ಗ್ರಾಹಕ ಸೇವಾ ವಿಭಾಗದ ಶೇ 90ರಷ್ಟು ಸಿಬ್ಬಂದಿಯ ಜಾಗಕ್ಕೆ ಎಐ ಸಂವಾದ ತಂತ್ರಾಂಶವನ್ನು ತಂದಿರುವುದಾಗಿ ಆ ವರ್ಷದ ಜುಲೈನಲ್ಲಿ ಘೋಷಿಸಿದರು. ಗ್ರಾಹಕರ ದೂರು ಬಗೆಹರಿಸಲು ತಗಲುತ್ತಿದ್ದ ಸಮಯ 2 ಗಂಟೆ 13 ನಿಮಿಷಗಳಿಂದ 3 ನಿಮಿಷ 12 ಸೆಕೆಂಡುಗಳಿಗೆ ಇಳಿದಿದೆ, ವೆಚ್ಚ ಸುಮಾರು ಶೇ 85ರಷ್ಟು ತಗ್ಗಿದೆ ಎಂಬುದು ಅವರ ವಾದವಾಗಿತ್ತು. ಈ ಹೇಳಿಕೆ ತೀವ್ರ ಟೀಕೆಗೂ ಗುರಿಯಾಯಿತು.

ಇದಕ್ಕೆ ಎರಡು ತಿಂಗಳ ಮೊದಲು, ಷೇರು ವಹಿವಾಟು ಸಂಸ್ಥೆ ‘ಜೆರೋಧಾ’ದ ಸಂಸ್ಥಾಪಕ, ನೆರೆಯ ಶಿವಮೊಗ್ಗದಲ್ಲಿ ಜನಿಸಿದ ನಿತಿನ್ ಕಾಮತ್ ತಮ್ಮ ಸಂಸ್ಥೆಯ ಎಐ ನೀತಿಯನ್ನು ಬಹಿರಂಗಪಡಿಸಿದ್ದರು. ಹೊಸ ತಂತ್ರಜ್ಞಾನ ಬಂದು ಹಳೆಯ ಕೆಲಸ ಅನಗತ್ಯವಾಯಿತೆಂಬ ಒಂದೇ ಕಾರಣಕ್ಕೆ ಯಾರನ್ನೂ ತೆಗೆದುಹಾಕುವುದಿಲ್ಲ ಎಂಬುದು ಅದರ ಸಾರ. ಯಂತ್ರ ಮಾಡಬಲ್ಲ ಕೆಲಸ ಯಾವುದು ಎಂಬುದನ್ನು ತಂತ್ರಜ್ಞಾನ ತೋರಿಸುತ್ತದೆ. ಆ ಕೆಲಸ ಮಾಡುತ್ತಿದ್ದವರನ್ನು ಏನು ಮಾಡಬೇಕು ಎಂಬುದನ್ನು ಮಾಲೀಕರೇ ನಿರ್ಧರಿಸುತ್ತಾರೆ ಎಂಬುದು ಈ ಎರಡು ಪ್ರಕರಣಗಳಿಂದ ಸ್ಪಷ್ಟವಾಗುತ್ತದೆ.

ಜಾಗತಿಕ ಮಟ್ಟದಲ್ಲಿಯೂ ಒಮ್ಮತವಿಲ್ಲ. ಕಚೇರಿ ಕೆಲಸಗಳ ಪೈಕಿ ಆರಂಭಿಕ ಹಂತದ ಅರ್ಧದಷ್ಟು ಹುದ್ದೆಗಳು ಒಂದರಿಂದ ಐದು ವರ್ಷಗಳಲ್ಲಿ ಇಲ್ಲವಾಗಬಹುದು ಎಂದು ಅಮೆರಿಕದ ‘ಆಂಥ್ರೊಪಿಕ್’ ಸಂಸ್ಥೆಯ ಮುಖ್ಯಸ್ಥ ಡಾರಿಯೊ ಅಮೋಡೈ 2025ರ ಮೇ ತಿಂಗಳಲ್ಲಿ ಎಚ್ಚರಿಸಿದರು. ಆದರೆ 2024ರ ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಡ್ಯಾರನ್ ಅಸೆಮೊಗ್ಲು ಅವರ ಲೆಕ್ಕಾಚಾರದಂತೆ, ಹತ್ತು ವರ್ಷಗಳಲ್ಲಿ ಎಐ ಲಾಭದಾಯಕವಾಗಿ ನಿರ್ವಹಿಸಬಲ್ಲ ಕೆಲಸಗಳ ಪಾಲು ಸುಮಾರು ಶೇ 5 ಮಾತ್ರ. ಟಿಸಿಎಸ್ ಸಂಸ್ಥೆಯು 2025ರ ಜುಲೈನಲ್ಲಿ ಸುಮಾರು 12 ಸಾವಿರ ಹುದ್ದೆಗಳ ಕಡಿತ ಪ್ರಕಟಿಸಿದಾಗ, ಎಐ ಇದಕ್ಕೆ ಕಾರಣವಲ್ಲ, ಕೌಶಲದ ಹೊಂದಾಣಿಕೆಯ ಕೊರತೆಯೇ ಕಾರಣವೆಂದು ಸಂಸ್ಥೆಯ ಮುಖ್ಯಸ್ಥ ಕೆ. ಕೃತಿವಾಸನ್ ಸ್ಪಷ್ಟಪಡಿಸಿದರು. ಕಾರಣ ಯಾವುದೇ ಇರಲಿ, ಸಣ್ಣ ಪಟ್ಟಣಗಳ ಪದವೀಧರರು ಮಹಾನಗರದಲ್ಲಿ ಮೊದಲು ಕಾಲಿಡುವುದು ಇಂತಹ ಆರಂಭಿಕ ಹುದ್ದೆಗಳಲ್ಲಿಯೇ ಎಂಬುದು ಗಮನಾರ್ಹ.

ಕನ್ನಡಕ್ಕೆ ಹೆಚ್ಚು ಬೆಲೆ

ಎರಡನೆಯ ಪ್ರಶ್ನೆ ಭಾಷೆಯದು. ಎಐ ವ್ಯವಸ್ಥೆಗಳು ಪದಗಳನ್ನು ತುಣುಕುಗಳನ್ನಾಗಿ ಒಡೆದು ಓದುತ್ತವೆ. ಬಳಕೆಯ ಶುಲ್ಕವನ್ನೂ ಸಾಮಾನ್ಯವಾಗಿ ತುಣುಕುಗಳ ಲೆಕ್ಕದಲ್ಲಿಯೇ ವಿಧಿಸಲಾಗುತ್ತದೆ. ವಿವೇಕ್ ರಾಘವನ್ ಮತ್ತು ಪ್ರತ್ಯೂಷ್ ಕುಮಾರ್ 2023ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ‘ಸರ್ವಂ ಎಐ’ ಸಂಸ್ಥೆ ನೀಡಿದ ವಿವರಣೆಯಂತೆ, ಇಂಗ್ಲಿಷಿನ ಒಂದು ಪದಕ್ಕೆ ಸರಾಸರಿ 1.4 ತುಣುಕು ಸಾಕಾದರೆ, ಆಗ ಬಳಕೆಯಲ್ಲಿದ್ದ ಬಹುಭಾಷಾ ಮಾದರಿಗಳಲ್ಲಿ ಭಾರತೀಯ ಲಿಪಿಗಳ ಪದಕ್ಕೆ 4ರಿಂದ 8 ತುಣುಕುಗಳು ಬೇಕಾಗುತ್ತಿದ್ದವು. ಅಂದರೆ ಅದೇ ಮಾತನ್ನು ಕನ್ನಡದಲ್ಲಿ ಕೇಳಿದವರಿಗೆ ಖರ್ಚೂ ಹೆಚ್ಚು, ವಿಳಂಬವೂ ಹೆಚ್ಚು. ಕನ್ನಡವೂ ಸೇರಿದಂತೆ 10 ಭಾರತೀಯ ಭಾಷೆಗಳಿಗಾಗಿ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ಹೊರತಂದ ಮಾದರಿ ಈ ಅಂತರವನ್ನು ಬಹುಮಟ್ಟಿಗೆ ತಗ್ಗಿಸಿತು. ಕೇಂದ್ರ ಸಚಿವ ಸಂಪುಟವು 2024ರ ಮಾರ್ಚ್‌ನಲ್ಲಿ 10,371.92 ಕೋಟಿ ರೂಪಾಯಿ ವೆಚ್ಚದ ‘ಇಂಡಿಯಾ ಎಐ ಮಿಷನ್’ಗೆ ಅನುಮೋದನೆ ನೀಡಿತ್ತು, ಅದರಡಿ ದೇಶೀಯ ಭಾಷಾ ಮಾದರಿ ರೂಪಿಸಲು 2025ರಲ್ಲಿ ಇದೇ ಸಂಸ್ಥೆ ಆಯ್ಕೆಯಾಯಿತು.

ಪುಸ್ತಕದ ಕನ್ನಡವನ್ನು ಕಲಿಸಿದರೆ ಸಾಲದು, ಆಡುಮಾತನ್ನೂ ಕಲಿಸಬೇಕಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ರೆಸ್ಪಿನ್’ ಯೋಜನೆಯು ಕೃಷಿ ಮತ್ತು ಹಣಕಾಸು ವಿಷಯಗಳಲ್ಲಿ ಕನ್ನಡವೂ ಸೇರಿ ಒಂಬತ್ತು ಭಾಷೆಗಳ ಮಾತನ್ನು ಅವುಗಳ ಉಪಭಾಷೆಗಳ ಸಮೇತ ಸಂಗ್ರಹಿಸಿದೆ. ಅದೇ ಸಂಸ್ಥೆ ಗೂಗಲ್ ನೆರವಿನೊಂದಿಗೆ ಕೈಗೊಂಡ ‘ವಾಣಿ’ ಯೋಜನೆ ದೇಶದ ಎಲ್ಲ ಜಿಲ್ಲೆಗಳ ಮಾತಿನ ಧ್ವನಿಮುದ್ರಣದ ಗುರಿ ಹೊಂದಿದೆ.

ತೋಟದ ಬಾಗಿಲಲ್ಲಿ

ಕೃಷಿಯಲ್ಲಿ ಎಐ ಬಳಕೆಯ ಬಗ್ಗೆ ಉದ್ಯಮಿಗಳು ಹೆಚ್ಚಿನ ಭರವಸೆ ಇಟ್ಟಿದ್ದಾರೆ. ತೆಲಂಗಾಣದ ಖಮ್ಮಂ ಜಿಲ್ಲೆಯಲ್ಲಿ ಸುಮಾರು 7,000 ಮೆಣಸಿನಕಾಯಿ ಬೆಳೆಗಾರರಿಗಾಗಿ ನಡೆದ ‘ಸಾಗು ಬಾಗು’ ಯೋಜನೆಯಲ್ಲಿ ಎಕರೆವಾರು ಇಳುವರಿ ಶೇ 21ರಷ್ಟು ಹೆಚ್ಚಿ, ಕೀಟನಾಶಕದ ಬಳಕೆ ಶೇ 9ರಷ್ಟು ತಗ್ಗಿದೆ ಎಂದು ವರದಿಯಾಗಿದೆ. ಆದರೆ ಅಲ್ಲಿ ಎಐ ಸಲಹೆಯೊಂದೇ ಇರಲಿಲ್ಲ. ಮಣ್ಣು ಪರೀಕ್ಷೆ, ಗುಣಮಟ್ಟ ಪರೀಕ್ಷೆ ಮತ್ತು ಮಾರುಕಟ್ಟೆಯ ಸಂಪರ್ಕವೂ ಜೊತೆಗಿದ್ದವು.

ಮಲೆನಾಡಿನ ಬೆಳೆಗಾರರನ್ನು ಕಾಡುತ್ತಿರುವುದು ಅಡಿಕೆಯ ಎಲೆಚುಕ್ಕೆ ರೋಗ. ಮೊಬೈಲಿನಲ್ಲಿ ಎಲೆಯ ಚಿತ್ರ ತೆಗೆದರೆ ರೋಗ ಗುರುತಿಸುವ ತಂತ್ರಾಂಶಗಳು ಬಂದಿವೆಯಾದರೂ, ಅವುಗಳಿಗೆ ಪಾಠವಾಗುವ ಚಿತ್ರಗಳು ಯಾವುವು ಎಂಬುದು ಮುಖ್ಯ. ಈ ಕ್ಷೇತ್ರದ ಸಂಶೋಧನೆಗೆ ಬುನಾದಿಯಾದ ‘ಪ್ಲಾಂಟ್‌ವಿಲೇಜ್’ ಸಂಗ್ರಹವನ್ನು ಆಧರಿಸಿ 2016ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನ 14 ಬೆಳೆಗಳ 54,306 ಚಿತ್ರಗಳನ್ನು ಬಳಸಿತ್ತು. ಸೇಬು, ದ್ರಾಕ್ಷಿ, ಟೊಮೆಟೊ, ಆಲೂಗಡ್ಡೆ ಅದರಲ್ಲಿವೆ. ಅಡಿಕೆ, ತೆಂಗು, ರಾಗಿ, ಈರುಳ್ಳಿ ಇಲ್ಲ. ತರೀಕೆರೆ ಸೀಮೆಯ ಮುಖ್ಯ ಬೆಳೆಗಳಲ್ಲಿ ಒಂದಕ್ಕೂ ಅಲ್ಲಿ ಸ್ಥಾನವಿರಲಿಲ್ಲ. ಇಂತಹ ಕೊರತೆಯನ್ನು ಅಡಿಕೆ ಬೆಳೆಯುವ ನಾಡಿನ ಸಂಶೋಧನಾ ಕೇಂದ್ರಗಳು, ವಿಶ್ವವಿದ್ಯಾಲಯಗಳು ಮತ್ತು ನವೋದ್ಯಮಗಳೇ ತುಂಬಬೇಕಾಗಿದೆ.

ಹಳ್ಳಿಗೆ ಬಂದ ಹೊಸ ದುಡಿಮೆ

ಎಐಗೆ ಪಾಠ ಕಲಿಸುವ ಕೆಲಸವೇ ಗ್ರಾಮೀಣ ಆದಾಯದ ದಾರಿಯಾಗಬಲ್ಲದು ಎಂಬುದು ಮನು ಚೋಪ್ರಾ ಅವರ ‘ಕಾರ್ಯ’ ಸಂಸ್ಥೆಯ ನಿಲುವು. ಕರ್ನಾಟಕದ ಹಳ್ಳಿಗಳಲ್ಲಿ ಜನರು ಮೊಬೈಲಿನಲ್ಲಿ ಕನ್ನಡ ವಾಕ್ಯಗಳನ್ನು ಓದಿ ಧ್ವನಿಮುದ್ರಿಸಿದ್ದಕ್ಕೆ ಸಂಸ್ಥೆ ಗಂಟೆಗೆ ಸುಮಾರು 5 ಡಾಲರ್ ನೀಡಿದೆ. ಆ ದತ್ತಾಂಶ ಮರುಮಾರಾಟವಾದರೆ ಧ್ವನಿ ನೀಡಿದವರಿಗೂ ಪಾಲು ನೀಡುವ ಕ್ರಮ ಅನುಸರಿಸಿದೆ. ಚಿತ್ರ ಹಾಗೂ ದತ್ತಾಂಶಗಳಿಗೆ ಗುರುತು ಹಚ್ಚುವ ಕೆಲಸವನ್ನು ಸಣ್ಣ ನಗರಗಳಿಗೆ ಒಯ್ದಿರುವ ‘ನೆಕ್ಸ್ಟ್‌ವೆಲ್ತ್’ ಸಂಸ್ಥೆಗೆ ಹುಬ್ಬಳ್ಳಿಯಲ್ಲಿಯೂ ಕೇಂದ್ರವಿದೆ. ಇಂತಹ ದುಡಿಮೆ ಎಷ್ಟು ಕಾಲ ಉಳಿಯುತ್ತದೆ ಎಂಬ ಪ್ರಶ್ನೆಯಿದ್ದರೂ, ಮಹಾನಗರಕ್ಕೆ ಹೋಗದೆಯೇ ಈ ಉದ್ಯಮದಲ್ಲಿ ಪಾಲ್ಗೊಳ್ಳುವ ಒಂದು ಮಾರ್ಗವಂತೂ ಇದರಿಂದ ತೆರೆದಿದೆ.

ಕಾನೂನಿನ ಬೇಲಿ

ಸಮಾಜದ ಮೇಲಿನ ಪರಿಣಾಮಕ್ಕೆ ಕಾನೂನು ನಿಧಾನವಾಗಿ ಸ್ಪಂದಿಸುತ್ತಿದೆ. ವೈಯಕ್ತಿಕ ದತ್ತಾಂಶ ರಕ್ಷಣೆಯ ಕೇಂದ್ರ ಕಾಯ್ದೆ 2023ರಲ್ಲಿ ಅಂಗೀಕಾರಗೊಂಡರೂ ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಗಿಗ್ ಕಾರ್ಮಿಕರಿಗಾಗಿ ಕರ್ನಾಟಕವು 2025ರಲ್ಲಿ ಜಾರಿಗೆ ತಂದ ಕಾಯ್ದೆಯು, ಕೆಲಸ ಹಂಚುವ ಸ್ವಯಂಚಾಲಿತ ವ್ಯವಸ್ಥೆಗಳ ಬಗ್ಗೆ ಕಾರ್ಮಿಕರಿಗೆ ಮಾಹಿತಿ ನೀಡಬೇಕೆಂದು ವಿಧಿಸುತ್ತದೆ. ಯಂತ್ರ ಕೈಗೊಂಡ ನಿರ್ಧಾರಕ್ಕೆ ಮನುಷ್ಯರೇ ಉತ್ತರದಾಯಿಗಳಾಗಬೇಕು ಎಂಬ ತತ್ವ ಇದರ ಹಿಂದಿದೆ.

ಸಂಸ್ಥಾಪಕರ ಉತ್ಸಾಹ ಮತ್ತು ತಜ್ಞರ ಎಚ್ಚರಿಕೆ, ಎರಡಕ್ಕೂ ಆಧಾರಗಳಿವೆ. ಕನ್ನಡದ ಮಾತು, ಅಡಿಕೆ ಎಲೆಯ ಚಿತ್ರ, ರೈತರ ಅನುಭವ ಈ ವ್ಯವಸ್ಥೆಗಳ ಪಾಠದೊಳಗೆ ಸೇರದಿದ್ದರೆ, ತರೀಕೆರೆ ಸೀಮೆಗೆ ಉದ್ಯೋಗ ನಷ್ಟದ ಪಾಲು ಮಾತ್ರ ಬಂದು, ಲಾಭದ ಪಾಲು ಬೇರೆಡೆಗೆ ಹೋಗುವ ಸಂಭವವೇ ಹೆಚ್ಚು.