ಹೈಡಾ ಜನರ ಲಾಂಛನಸ್ತಂಭಗಳು

ನನ್ನ ಹಳೆಯ ಶಿಷ್ಯನೊಬ್ಬನು ಕೆನಡಾ ದೇಶದಿಂದ ಬರುವಾಗ ಗೇಣುದ್ದದ ಬಣ್ಣದ ಕಂಬವೊಂದನ್ನು ತಂದುಕೊಟ್ಟನು. ಒಂದರ ತಲೆಯ ಮೇಲೊಂದು ಕುಳಿತ ಹಕ್ಕಿ, ಕರಡಿ, ಕಪ್ಪೆಗಳು ಅದರಲ್ಲಿದ್ದುವು. ಮೇಜಿನ ಮೇಲಿನ ಕಾಗದಗಳು ಹಾರದಂತೆ ಅದನ್ನು ಬಳಸುತ್ತಿದ್ದೆ. ಒಂದು ದಿನ ತಿರುಗಿಸಿ ನೋಡಿದರೆ, ಅದು ಮರವೇ ಅಲ್ಲ, ಎರಕದ ಪ್ಲಾಸ್ಟಿಕ್ಕು, ತಯಾರಾದುದೂ ಕೆನಡಾದಲ್ಲಲ್ಲ. ಇದರ ಮೂಲವನ್ನು ಹುಡುಕಿ ಹೊರಟಾಗ ತಿಳಿದುಬಂದುದನ್ನು ವಾಚಕರ ಮುಂದಿಡುತ್ತೇನೆ.

ಕೆನಡಾದ ಪಶ್ಚಿಮ ತೀರದಾಚೆ ಹೈಡಾ ಜನರ ದ್ವೀಪಸ್ತೋಮವೊಂದಿದೆ. 1787ರಲ್ಲಿ ಬ್ರಿಟಿಷ್ ಕಪ್ತಾನ ಡಿಕ್ಸನ್ನನು ತನ್ನ ಹಡಗಿನ ಹೆಸರಿನಿಂದ ಅದನ್ನು ಕ್ವೀನ್ ಷಾರ್ಲಟ್ ದ್ವೀಪಗಳೆಂದು ಕರೆದನು. 2010ರಲ್ಲಿ ಹೈಡಾ ಭಾಷೆಯ ಹೆಸರಾದ 'ಹೈಡಾ ಗ್ವಾಯ್' ಅಧಿಕೃತವಾಯಿತು.

ಈ ಜನರಲ್ಲಿ ಕಾಗೆಯ ಜಾತಿಯ 'ರೇವನ್' ಪಕ್ಷಿಯದೊಂದು, ಹದ್ದಿನದೊಂದು ಎಂದು ಎರಡು ಪಂಗಡಗಳುಂಟು. ಮಗು ತಾಯಿಯ ಪಂಗಡಕ್ಕೆ ಸೇರುತ್ತದೆ. ಒಂದೊಂದು ಮನೆತನಕ್ಕೂ ತನ್ನದೇ ಲಾಂಛನಗಳಿವೆ. ಇವನ್ನು ಕೆಂಪು ಸೀಡರ್ ಮರದಲ್ಲಿ ಕೆತ್ತಿ ನಿಲ್ಲಿಸಿದಾಗ ಔತಣವಾಗುತ್ತಿತ್ತು. ಉಡುಗೊರೆ ಪಡೆದ ಅತಿಥಿಗಳೇ ಆ ಮನೆತನದ ಹಕ್ಕಿಗೆ ಸಾಕ್ಷಿಗಳು. ಆದುದರಿಂದ ಆ ಸ್ತಂಭ ಪೂಜೆಯ ವಿಗ್ರಹವೂ ಅಲ್ಲ, ಬರಿಯ ಅಲಂಕಾರವೂ ಅಲ್ಲ. ಸಾಕ್ಷಿಸಮೇತವಾದ ನಮ್ಮ ಶಿಲಾಶಾಸನಗಳಂತೆ ಅದೊಂದು ಶಾಸನ.

1862ರಲ್ಲಿ ಸಿಡುಬು ಬಂದೆರಗಿತು. ಸಹಸ್ರಾರು ಮಂದಿಯಿದ್ದ ಈ ಜನ, ಶತಮಾನದ ಕೊನೆಯ ಹೊತ್ತಿಗೆ ಏಳುನೂರಕ್ಕೂ ಕಡಮೆಯಾದರು; ಊರುಗಳು ಬರಿದಾದುವು. 1885ರಿಂದ ಸರ್ಕಾರದ ಕಾನೂನು ಆ ಔತಣಗಳನ್ನೇ ನಿಷೇಧಿಸಿತು. 1951ರವರೆಗೆ ಆ ನಿಷೇಧವಿತ್ತು. ಎಷ್ಟೋ ಸ್ತಂಭಗಳು ದೂರದ ವಸ್ತುಸಂಗ್ರಹಾಲಯಗಳನ್ನು ಸೇರಿದುವು.

ಹಾಗಾದರೆ ಕಲೆಯನ್ನು ಮಾರಬಾರದೆಂದು ಹೈಡಾ ಜನ ಎಣಿಸಿದರೆ? ಇಲ್ಲ. 1820ರ ಸುಮಾರಿಗೇ ಅವರು ತಮ್ಮ ಬೆಟ್ಟದ 'ಆರ್ಜಿಲೈಟ್' ಎಂಬ ಕರಿಯ ಕಲ್ಲಿನಲ್ಲಿ ಹೊಗೆಕೊಳವಿಗಳನ್ನೂ ಪುಟ್ಟ ಪ್ರತಿಮೆಗಳನ್ನೂ ಕೆತ್ತಿ ನಾವಿಕರಿಗೆ ಮಾರುತ್ತಿದ್ದರು. 1920ರಲ್ಲಿ ತೀರಿಕೊಂಡ ಚಾರ್ಲ್ಸ್ ಈಡನ್‌ಷಾ ಈ ಕಲ್ಲಿನಲ್ಲಿಯೂ ಬೆಳ್ಳಿಯಲ್ಲಿಯೂ ಸಿದ್ಧಹಸ್ತನಾದ ಶಿಲ್ಪಿ. ಆದರೆ ಅಲ್ಲಿ ಕಲ್ಲು ಅವರದು, ಕೈ ಅವರದು, ಏನನ್ನು ಕೊಡಬೇಕೆಂಬ ನಿರ್ಧಾರವೂ ಅವರದು.

ಈಡನ್‌ಷಾನ ಮರಿಮಗನಾದ ರಾಬರ್ಟ್ ಡೇವಿಡ್‌ಸನ್ ಇಪ್ಪತ್ತೆರಡರ ಹರೆಯದಲ್ಲಿ, 1969ರಲ್ಲಿ, ಮ್ಯಾಸೆಟ್ ಊರಿನಲ್ಲಿ ಸ್ತಂಭವೊಂದನ್ನು ಕೆತ್ತಿ ನಿಲ್ಲಿಸಿದನು. ಆ ಊರು ಹೊಸ ಸ್ತಂಭವನ್ನು ಕಂಡು ಸುಮಾರು ತೊಂಬತ್ತು ವರ್ಷಗಳಾಗಿದ್ದುವು! ಕೆನಡಾದ ರೇಡಿಯೋದಲ್ಲಿ ಉದ್ಘೋಷಕನಾಗಿದ್ದ ಬಿಲ್ ರೀಡ್ ತನ್ನ ತಾಯಿಯ ಕಡೆಯ ಈ ಕಲೆಯನ್ನು ಅರಸಿ ಶಿಲ್ಪಿಯಾದನು. 2004ರಲ್ಲಿ ಹೊರಬಂದ ಕೆನಡಾದ 20 ಡಾಲರ್ ನೋಟಿನ ಮೇಲೆ ಅವನ ಶಿಲ್ಪಗಳು ಅಚ್ಚಾದುವು. ಅದೂ ಪ್ರತಿರೂಪವೇ, ಆದರೆ ಶಿಲ್ಪಿ ಯಾರೆಂಬುದು ಅಲ್ಲಿ ಮರೆಯಾಗಲಿಲ್ಲ.

ಅಂಗಡಿಯ ಬಟ್ಟಲು, ಅಂಗಿ, ಬೀಗದಕೈ ಗೊಂಚಲುಗಳ ಮೇಲೆ ಕಾಣುವ ಕರಡಿ ಯಾವ ಮನೆತನದ್ದು? ಬರೆದವರು ಯಾರು? ಅವರಿಗೆ ದೊರೆತುದೆಷ್ಟು? ಕೊಳ್ಳುವವರು ಇಷ್ಟನ್ನು ಕೇಳಿದರೆ ಸಾಕು. ನನ್ನ ಮೇಜಿನ ಕಂಬ ಇವುಗಳಲ್ಲಿ ಒಂದಕ್ಕೂ ಉತ್ತರ ಹೇಳಲಾರದು. ಶಿಷ್ಯನ ಪ್ರೀತಿಗೆ ಇದರಿಂದ ಕುಂದೇನೂ ಇಲ್ಲ. ಕಂಬ ಅಲ್ಲಿಯೇ ಇದೆ. ಆದರೆ ನೋಡಿದವರು "ಇದೇನು ಮೇಷ್ಟ್ರೇ?" ಎಂದರೆ, ಈಗ ಆಟಿಕೆ ಎನ್ನುವುದಿಲ್ಲ. "ಹೈಡಾ ಜನರ ಶಾಸನವೊಂದರ ನಕಲು, ಸಾಕ್ಷಿಗಳಿಲ್ಲದ್ದು" ಎನ್ನುತ್ತೇನೆ.