ಮನೆಯೊಳಗೇ ಮಗುವಿನ ಕೊಲೆಯಾದರೆ ದೂರು ಕೊಡುವವರು ಯಾರು? ಸಾರ್ವಜನಿಕರು ತಿಳಿದಿರಬೇಕಾದ ಮಾಹಿತಿ

2012ರ ಏಪ್ರಿಲ್‌ನಲ್ಲಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ಮೂರು ತಿಂಗಳ ಹೆಣ್ಣು ಮಗುವೊಂದು ಮೃತಪಟ್ಟಿತು. ಗಂಡು ಮಗು ಬೇಕಿತ್ತೆಂದು ತಂದೆಯೇ ಹಿಂಸಿಸಿದ್ದ ಎಂಬ ಆರೋಪದ ಮೇಲೆ ಪೊಲೀಸರು ಆತನನ್ನು ಬಂಧಿಸಿದ್ದರು. ರಾಜ್ಯವೇ ಮರುಗಿದ ಪ್ರಕರಣವದು. ಮಗು ಆಸ್ಪತ್ರೆ ಸೇರಿದ್ದರಿಂದ ವಿಷಯ ಹೊರಗೆ ಬಂತು. ಆಸ್ಪತ್ರೆಗೂ ಬಾರದೆ, ರಾತ್ರೋರಾತ್ರಿ ಮಣ್ಣು ಮಾಡಿದ ಮಗುವಿನ ಕಥೆ ಏನು?

ಬೇರೆ ಕೊಲೆಗಳಲ್ಲಿ ಮನೆಯವರೇ ಠಾಣೆ ಮೆಟ್ಟಿಲು ಹತ್ತುತ್ತಾರೆ. ಇಲ್ಲಿ ಆರೋಪಿಯೂ ಮನೆಯವನೇ, ಸಾಕ್ಷಿಗಳೂ ಮನೆಯವರೇ. ಹಾಗಾಗಿ ಮಗುವಿನ ಪರವಾಗಿ ಹೊರಗಿನವರೇ ಬಾಯಿ ಬಿಡಬೇಕಾಗುತ್ತದೆ. ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ.

ಯಾರು ದೂರು ಕೊಡಬಹುದು?

ಸಂಬಂಧಿಕರೇ ದೂರು ಕೊಡಬೇಕೆಂಬ ನಿಯಮವಿಲ್ಲ. ಅಕ್ಕಪಕ್ಕದ ಮನೆಯವರು, ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆ, ಶಿಕ್ಷಕರು, ಎದುರಿನ ಅಂಗಡಿಯವರು, ಹೀಗೆ ವಿಷಯ ಗೊತ್ತಿರುವ ಯಾರೇ ಆದರೂ ಮಾಹಿತಿ ನೀಡಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 33ನೇ ಕಲಂ ಪ್ರಕಾರ ಕೊಲೆಯಂಥ ಗಂಭೀರ ಅಪರಾಧ ಗೊತ್ತಾದರೆ ಪೊಲೀಸರಿಗೆ ಇಲ್ಲವೇ ಮ್ಯಾಜಿಸ್ಟ್ರೇಟರಿಗೆ ತಿಳಿಸುವುದು ಪ್ರತಿಯೊಬ್ಬರ ಕರ್ತವ್ಯ. ‘ನಮಗ್ಯಾಕೆ ಊರ ಉಸಾಬರಿ’ ಅನ್ನುವಂತಿಲ್ಲ.

ಘಟನೆ ಬೇರೆ ಠಾಣೆ ವ್ಯಾಪ್ತಿಯಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯಲ್ಲಿ ಜೀರೋ ಎಫ್‌ಐಆರ್ ದಾಖಲಿಸಬಹುದು. ದೂರುದಾರರಿಗೆ ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಜಿಲ್ಲಾ ಎಸ್ಪಿಗೆ ಅಂಚೆ ಮೂಲಕ ಬರೆದು ಕಳಿಸಬಹುದು. ಅಲ್ಲೂ ಕೆಲಸ ಆಗದಿದ್ದರೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು.

ಮಣ್ಣು ಮಾಡಿ ಆಗಿದ್ದರೆ?

ಅಲ್ಲಿಗೆ ಎಲ್ಲ ಮುಗಿಯಲಿಲ್ಲ. ಬಿಎನ್‌ಎಸ್‌ಎಸ್ 196ನೇ ಕಲಂ ಅಡಿ ಮ್ಯಾಜಿಸ್ಟ್ರೇಟರು ಹೂತ ಶವವನ್ನು ಹೊರತೆಗೆಸಿ ಪರೀಕ್ಷೆ ಮಾಡಿಸಬಹುದು. ನಮ್ಮಲ್ಲಿ ಸಾಮಾನ್ಯವಾಗಿ ತಹಶೀಲ್ದಾರ್ ಇಲ್ಲವೇ ಉಪವಿಭಾಗಾಧಿಕಾರಿ ಸಮಕ್ಷಮದಲ್ಲಿ ಈ ಕೆಲಸ ನಡೆಯುತ್ತದೆ. ಆದರೆ ಸುಟ್ಟ ದೇಹದಿಂದ ಹೆಚ್ಚೇನೂ ಸಿಗುವುದಿಲ್ಲ. ಅನುಮಾನವಿದ್ದರೆ ಅಂತ್ಯಕ್ರಿಯೆಗೆ ಮುನ್ನವೇ 112ಕ್ಕೆ ಕರೆ ಮಾಡಬೇಕು.

ಸಾವಿನ ಕಾರಣ ಸ್ಪಷ್ಟವಿಲ್ಲದಿದ್ದಾಗ ಪೊಲೀಸರು ಮೊದಲು ಅಸ್ವಾಭಾವಿಕ ಸಾವು, ಅಂದರೆ ಯುಡಿಆರ್ ಎಂದು ದಾಖಲಿಸುವುದುಂಟು. ಮರಣೋತ್ತರ ಪರೀಕ್ಷೆಯಲ್ಲಿ ಕೊಲೆ ಎಂದು ಕಂಡುಬಂದರೆ ಅದೇ ಕೊಲೆ ಪ್ರಕರಣವಾಗುತ್ತದೆ. ಯುಡಿಆರ್ ಆಯಿತೆಂದು ಸುಮ್ಮನಾಗದೆ, ಪಿಎಂ ವರದಿ ಬಂತಾ ಎಂದು ವಿಚಾರಿಸುತ್ತಿರಬೇಕು.

ದೇಹ ಹೇಳುವ ಸಾಕ್ಷ್ಯ

‘ತೊಟ್ಟಿಲಿಂದ ಬಿತ್ತು’, ‘ಜಾರಿ ಬಿತ್ತು’ ಎಂಬ ಮಾತು ಇಂಥ ಪ್ರಕರಣಗಳಲ್ಲಿ ಕೇಳಿಬರುವುದು ಹೆಚ್ಚು. ಇನ್ನೂ ಅಂಬೆಗಾಲಿಡದ ಕೂಸಿನ ಮೈಮೇಲೆ ಕಂದಿದ ಗುರುತು, ಬೇರೆ ಬೇರೆ ದಿನಗಳಲ್ಲಿ ಆದ ಗಾಯಗಳು, ಬೀಡಿ-ಸಿಗರೇಟಿನಿಂದ ಸುಟ್ಟ ಕಲೆ, ಒಬ್ಬೊಬ್ಬರು ಒಂದೊಂದು ರೀತಿ ಹೇಳುವುದು, ಆಸ್ಪತ್ರೆಗೆ ತರಲು ತಡ ಮಾಡುವುದು ಅನುಮಾನಕ್ಕೆ ಕಾರಣವಾಗುವ ಅಂಶಗಳು. ಎಕ್ಸ್‌ರೇಯಲ್ಲಿ ಹಿಂದೆ ಮುರಿದು ಕೂಡಿಕೊಂಡ ಮೂಳೆಗಳೂ ಕಾಣುತ್ತವೆ. ಜೋರಾಗಿ ಅಲುಗಾಡಿಸಿದರೆ ಹೊರಗೆ ಗಾಯವಿಲ್ಲದೆಯೂ ಕೂಸಿನ ತಲೆಯೊಳಗೆ ರಕ್ತಸ್ರಾವ ಆಗಬಹುದು.

ಯಾವ ಕಲಂ, ಎಷ್ಟು ಶಿಕ್ಷೆ?

2024ರ ಜುಲೈ 1ರ ನಂತರದ ಘಟನೆಗಳಿಗೆ ಭಾರತೀಯ ನ್ಯಾಯ ಸಂಹಿತೆ, ಅದಕ್ಕೂ ಮುಂಚಿನವಕ್ಕೆ ಐಪಿಸಿ ಅನ್ವಯಿಸುತ್ತದೆ.

- ಕೊಲೆ: ಕಲಂ 103 (ಹಿಂದಿನ 302). ಜೀವಾವಧಿ ಅಥವಾ ಮರಣದಂಡನೆ.
- ಕೊಲೆಯಲ್ಲದ ಮಾನವ ಹತ್ಯೆ: ಕಲಂ 105 (ಹಿಂದಿನ 304). ‘ಬುದ್ಧಿ ಕಲಿಸೋಕೆ ಹೊಡೆದೆ, ಸಾಯುತ್ತೆ ಅಂದ್ಕೊಂಡಿರಲಿಲ್ಲ’ ಎಂಬ ವಾದ ಬಂದಾಗ 103 ಅಥವಾ 105 ಎಂಬುದನ್ನು ನ್ಯಾಯಾಲಯ ತೀರ್ಮಾನಿಸುತ್ತದೆ.
- ಸಾಕ್ಷ್ಯ ನಾಶ: ಕಲಂ 238 (ಹಿಂದಿನ 201). ಕೊಲೆ ಪ್ರಕರಣದಲ್ಲಿ 7 ವರ್ಷದವರೆಗೆ ಜೈಲು. ಗೊತ್ತಿದ್ದೂ ಮುಚ್ಚಿಹಾಕಲು ಕೈಜೋಡಿಸಿದವರಿಗೂ ಇದು ಅನ್ವಯ.
- ಮಗುವಿನ ಮೇಲೆ ಕ್ರೌರ್ಯ: ಬಾಲನ್ಯಾಯ ಕಾಯ್ದೆ 2015ರ ಕಲಂ 75. 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂ. ದಂಡ, ಇಲ್ಲವೇ ಎರಡೂ.

ಕೊಲೆ ಪ್ರಕರಣದಲ್ಲಿ ರಾಜಿಗೆ ಅವಕಾಶವಿಲ್ಲ. ಊರ ಹಿರಿಯರು ಕೂತು ಪಂಚಾಯಿತಿ ಮಾಡಿ ಮುಗಿಸಿದರೂ ಕಾನೂನಿನಲ್ಲಿ ಅದಕ್ಕೆ ಬೆಲೆಯಿಲ್ಲ. ಕಾಲಮಿತಿಯೂ ಇಲ್ಲ, ವರ್ಷಗಳ ನಂತರವೂ ದೂರು ದಾಖಲಿಸಬಹುದು.

ಮನೆಯವರು ಬಾಯಿ ಬಿಡದಿದ್ದರೆ?

ನಾಲ್ಕು ಗೋಡೆಗಳ ಒಳಗೆ ನಡೆದದ್ದಕ್ಕೆ ಹೊರಗಿನ ಸಾಕ್ಷಿ ಸಿಗುವುದು ಕಷ್ಟ. 2006ರಲ್ಲಿ ತ್ರಿಮುಖ ಮಾರೋತಿ ಕಿರ್ಕನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಮನಿಸಿತು. ಮನೆಯೊಳಗೆ ಗುಟ್ಟಾಗಿ ಅಪರಾಧ ನಡೆದಾಗ, ಸಾವು ಹೇಗಾಯಿತೆಂದು ವಿವರಿಸುವ ಹೊಣೆ ಮನೆಯಲ್ಲಿದ್ದವರ ಮೇಲೂ ಇದೆ, ಸುಮ್ಮನೆ ಕೂತು ಪಾರಾಗಲು ಆಗದು ಎಂದಿತು. ಅದು ಪತ್ನಿಯ ಸಾವಿನ ಪ್ರಕರಣವಾದರೂ ತತ್ವ ಇಲ್ಲಿಗೂ ಅನ್ವಯಿಸುತ್ತದೆ. ಹಾಗಂತ ಪ್ರಾಸಿಕ್ಯೂಷನ್ ಮೇಲಿನ ಹೊಣೆ ತಪ್ಪುವುದಿಲ್ಲ. ಘಟನೆ ವೇಳೆ ಯಾರು ಮನೆಯಲ್ಲಿದ್ದರು ಎಂಬಂಥ ಮೂಲ ಸಂಗತಿಗಳನ್ನು ಅದು ಮೊದಲು ಸಾಬೀತು ಮಾಡಲೇಬೇಕು.

ಅಂಗಡಿಯವರ ನೆರವು ಬೇಕಾಗುವುದು ಇಲ್ಲೇ. ಯಾರು ಎಷ್ಟೊತ್ತಿಗೆ ಬಂದರು, ಹೋದರು ಎಂಬುದು ಬೀದಿಯ ಸಿಸಿಟಿವಿಯಲ್ಲಿ ಸಿಕ್ಕಿರಬಹುದು. ಹಳೆಯ ದೃಶ್ಯದ ಮೇಲೆ ಹೊಸದು ರೆಕಾರ್ಡ್ ಆಗುವ ಮುನ್ನ ಪೊಲೀಸರಿಗೆ ತಿಳಿಸಬೇಕು.

ಉಳಿದ ಮಕ್ಕಳ ಗತಿ?

ಇದು ಎಲ್ಲರೂ ಮರೆಯುವ ವಿಷಯ. ಒಂದು ಮಗುವನ್ನು ಕೊಂದವರ ಜೊತೆಯಲ್ಲೇ ಇನ್ನೊಂದು ಮಗುವಿದ್ದು, ಅದಕ್ಕೂ ಅಪಾಯದ ಸಂಭವವಿದ್ದರೆ, ಬಾಲನ್ಯಾಯ ಕಾಯ್ದೆ ಪ್ರಕಾರ ಅದು ‘ಪಾಲನೆ ಮತ್ತು ರಕ್ಷಣೆ ಅಗತ್ಯವಿರುವ ಮಗು’. ಅಂಥ ಮಗುವನ್ನು 24 ಗಂಟೆಯೊಳಗೆ ಜಿಲ್ಲಾ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು. ಆ ಮಗುವೇ ಕೊಲೆ ಕಂಡ ಸಾಕ್ಷಿಯೂ ಆಗಿರಬಹುದು. ಪ್ರಶ್ನೆ ಅರ್ಥ ಮಾಡಿಕೊಂಡು ಉತ್ತರಿಸಬಲ್ಲ ಮಗುವಿನ ಸಾಕ್ಷ್ಯವನ್ನು ನ್ಯಾಯಾಲಯ ಪರಿಗಣಿಸುತ್ತದೆ.

ಮಕ್ಕಳ ಫೋಟೊ, ಹೆಸರು, ವಿಳಾಸವನ್ನು ವಾಟ್ಸಾಪ್ ಗ್ರೂಪುಗಳಲ್ಲಿ ಹಂಚಬಾರದು. ಸಂತ್ರಸ್ತ ಅಥವಾ ಸಾಕ್ಷಿಯಾದ ಮಗುವಿನ ಗುರುತನ್ನು ಬಹಿರಂಗಪಡಿಸಿದರೆ ಕಲಂ 74ರಡಿ 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂ.ವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಕೇಸು ಶುರುವಾದ ಮೇಲೆ

ತನಿಖೆ ಎಲ್ಲಿಗೆ ಬಂತು ಎಂಬುದನ್ನು ಪೊಲೀಸರು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು. ಕೊಲೆ ವಿಚಾರಣೆ ಸೆಷನ್ಸ್ ನ್ಯಾಯಾಲಯದಲ್ಲಿ ನಡೆಯುತ್ತದೆ, ಸರ್ಕಾರಿ ಅಭಿಯೋಜಕರೇ ವಾದಿಸುತ್ತಾರೆ. ಆರೋಪಿಯಲ್ಲದ ತಾಯಿ ಅಥವಾ ತಂದೆ ಅಭಿಯೋಜಕರಿಗೆ ನೆರವಾಗಲು ವಕೀಲರನ್ನು ಇಟ್ಟುಕೊಳ್ಳಬಹುದು. ಆರೋಪಿ ಖುಲಾಸೆಯಾದರೆ ಮೇಲ್ಮನವಿ ಸಲ್ಲಿಸುವ ಹಕ್ಕೂ ಅವರಿಗಿದೆ. ಮಹಿಳೆಯರಿಗೆ ಮತ್ತು ಮಕ್ಕಳಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವು ಸಿಗುತ್ತದೆ.

ನೆನಪಿಡಬೇಕಾದ ಸಂಖ್ಯೆಗಳು

- ಪೊಲೀಸ್: 112
- ಮಕ್ಕಳ ಸಹಾಯವಾಣಿ: 1098
- ಉಚಿತ ಕಾನೂನು ನೆರವು: 15100
- ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್: 14416

ಪಕ್ಕದ ಮನೆಯಲ್ಲಿ ಮಗುವಿನ ಚೀರಾಟ ದಿನಾ ಕೇಳುತ್ತಿದ್ದರೆ 103ನೇ ಕಲಂ ಬರುವವರೆಗೆ ಕಾಯಬೇಕಿಲ್ಲ. 1098ಕ್ಕೆ ಕರೆ ಮಾಡಲು ಇವತ್ತೇ ಸಾಧ್ಯ.